ಕೊನೆಗೆ ಬಿದ್ದದ್ದು ಮೊದಲು

ನೀಲಗಂಗಮ್ಮನ ಎಡಗೈಯಲ್ಲಿ ಮೂರೇ ಬೆರಳು. ಕಿರುಬೆರಳೂ ಅದರ ಪಕ್ಕದ್ದೂ ಮೂವತ್ತು ವರ್ಷದ ಹಿಂದೆ ಕಲಬುರಗಿಯ ಒಂದು ಗೋಡೆಯ ಕೆಳಗೆ ಹೋದವು. ಆ ಗೋಡೆಯ ಬುಡಕ್ಕೆ ಹೊಡೆದು ಉರುಳಿಸುತ್ತಿದ್ದರು. ಬುಡಕ್ಕೆ ಹೊಡೆದರೆ ಕೆಲಸ ಬೇಗ ಆಗುತ್ತದೆ. ಅವತ್ತು ಬೇಗವೇ ಆಯಿತು. ಹೊರಕ್ಕೆ ಬೀಳುತ್ತದೆ ಅಂದುಕೊಂಡ ಗೋಡೆ ಒಳಕ್ಕೆ ಬಿತ್ತು. ಅವಳ ಜೊತೆ ಬುಟ್ಟಿ ಹೊರುತ್ತಿದ್ದ ಹೆಂಗಸು ಅದರಡಿ ಸಿಕ್ಕಳು. ಜನ ಓಡಿ ಬಂದು ಕೈಗೆ ಸಿಕ್ಕ ಕಲ್ಲನ್ನೆಲ್ಲ ಎಳೆದರು. ಕೆಳಗಿನದು ಎಳೆದಾಗ ಮೇಲಿನದು ಜಾರಿತು. ಅಲ್ಲಿಯವರೆಗೆ ಕೂಗುತ್ತಿದ್ದವಳು ಸುಮ್ಮನಾದಳು. ನೀಲಗಂಗಮ್ಮ ತನ್ನ ಬೆರಳು ಹೋದದ್ದನ್ನು ಮರೆತಾಳು, ಆಕೆ ಸುಮ್ಮನಾದ ಆ ಗಳಿಗೆಯನ್ನು ಮರೆಯಲಿಲ್ಲ.

ಕೈ ಮಾಯ್ದ ಮೇಲೆ ಅವಳನ್ನು ಕೆಲಸಕ್ಕೆ ಇಟ್ಟುಕೊಂಡವನು ಲಾಲ್ ಅಹ್ಮದ್ ಮೇಸ್ತ್ರಿ. ಮನೆ ಕಟ್ಟುವ ಮೇಸ್ತ್ರಿಗಳು ಕಲಬುರಗಿಯಲ್ಲಿ ಬೇಕಾದಷ್ಟು ಮಂದಿ. ಮನೆ ಬಿಚ್ಚುವ ಮೇಸ್ತ್ರಿ ಅವನೊಬ್ಬ. ಕೆಡವುವುದು ಎಂಬ ಮಾತು ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

“ಕೆಡವೋದು ಗೂಳಿ ಕೆಲಸ. ನಾವು ಬಿಚ್ಚೋರು,” ಅನ್ನುತ್ತಿದ್ದ. “ಕಟ್ಟಿದಾಂವ ಕೊನೀಗಿ ಯಾವ ಕಲ್ಲ ಇಟ್ಟಾನ ನೋಡು, ಅದನ್ನ ಮೊದಲ ತಗಿ. ಮೊದಲ ಇಟ್ಟಿದ್ದು ಕೊನೀಗಿ. ನನ್ನ ಹತ್ರ ಇರೋದು ಇಷ್ಟ ವಿದ್ಯೆ ಬೇಟಿ, ಮತ್ತೇನಿಲ್ಲ.”

ಇನ್ನೊಂದು ಇತ್ತು, ಅದನ್ನು ಬಾಯಿಂದ ಹೇಳದೆ ಕೈಯಿಂದ ಕಲಿಸಿದ. ಸುತ್ತಿಗೆಯ ಮೂತಿಯಿಂದ ಕಲ್ಲನ್ನು ಮೆಲ್ಲಗೆ ಬಡಿಯಬೇಕು. ಸಡಿಲಾದ ಕಲ್ಲು ಒಡಕು ಗಡಿಗೆಯ ಹಾಗೆ ಡಬ್ ಅನ್ನುತ್ತದೆ. ಮೇಲಿನ ಭಾರ ಹೊತ್ತ ಕಲ್ಲು ಗಂಟೆಯ ಹಾಗೆ ಟಣ್ ಅನ್ನುತ್ತದೆ. ಟಣ್ ಅಂದದ್ದನ್ನು ಮುಟ್ಟಬಾರದು.

ಬಿಚ್ಚುವುದು ಎಂದರೆ ಮೆತ್ತಗಿನ ಕೆಲಸ ಎಂದು ಯಾರೂ ತಿಳಿಯಬಾರದು. ಹಾರೆ ತಿರುಗಿ ಎದೆಗೆ ಒದೆಯುತ್ತದೆ. ಮಾಳಿಗೆಯ ಮಣ್ಣು ಕಣ್ಣು, ಗಂಟಲು ಸುಡುತ್ತದೆ. ತೊಲೆ ಜಾರಿದರೆ ಕೆಳಗಿನವನ ಬೆನ್ನು ಮುರಿಯುತ್ತದೆ. ನೀಲಗಂಗಮ್ಮ ಮೂವತ್ತು ವರ್ಷ ಹೊಡೆದಳು, ಹೊಡೆಸಿಕೊಂಡಳು. ಮೇಸ್ತ್ರಿ ತೀರಿಕೊಂಡ ಮೇಲೆ ಎಂಟು ಹೆಂಗಸರನ್ನು ಕಟ್ಟಿಕೊಂಡು ತಾನೇ ಕೆಲಸ ಹಿಡಿದಳು. ಅವಳ ಕೈಯಲ್ಲಿ ಇಪ್ಪತ್ತು ಟ್ರಾಲಿಯ ಮನೆ ಬಿಚ್ಚಿದರೆ ಚೆಲ್ಲುವುದಕ್ಕೆ ಉಳಿಯುವುದು ಎರಡು ಟ್ರಾಲಿ. ಕಲ್ಲು ಬೇರೆ, ನೆಲಹಾಸಿನ ಫರಸಿ ಬೇರೆ, ತೊಲೆ ಬೇರೆ. ಸೊಟ್ಟ ಸರಳುಗಳನ್ನು ಬಡಿದು ನೆಟ್ಟಗೆ ಮಾಡುವಳು. ಹಳೆಯ ಗಾರೆಯನ್ನೂ ಜರಡಿ ಹಿಡಿದು ತಳಪಾಯ ತುಂಬುವುದಕ್ಕೆ ಕಳಿಸುವಳು.

ಅವಳ ಗಂಡ ನಾಗಣ್ಣ. ಕಮಲಾಪುರದಲ್ಲಿ ಒಂದು ತುಂಡು ಕೆಂಪು ಬಾಳೆಯ ತೋಟ ನೋಡಿಕೊಂಡು ಇರುತ್ತಿದ್ದ. ಅವಳು ದಿನಾ ಬೆಳಗಿನ ಮೊದಲ ಬಸ್ಸಿಗೆ ಕಲಬುರಗಿಗೆ ಹೋಗಿ ಸಂಜೆ ತಿರುಗಿ ಬರುವಳು. ಬರಿಗೈಯಲ್ಲಿ ಬಂದವಳಲ್ಲ. ಸೆರಗಿನಲ್ಲಿ ಒಂದು ಕೊಂಡಿ, ಒಂದು ಚಿಲಕ. ಅವರ ಮನೆಯ ಬಾಗಿಲು ಜೇವರ್ಗಿ ಕಾಲೋನಿಯ ಒಬ್ಬ ಡಾಕ್ಟರರದು, ನೆಲದ ಫರಸಿ ಸೂಪರ್ ಮಾರ್ಕೆಟ್ಟಿನ ಒಂದು ಬಟ್ಟೆ ಅಂಗಡಿಯದು. “ನಾ ಮಲಗೋ ಮನೀಗಿ ಒಂಬತ್ತ ಮಂದಿ ಮಾಲಕರು,” ಎಂದು ನಾಗಣ್ಣ ಬಂದವರ ಮುಂದೆ ನಗುತ್ತಿದ್ದ. ನಗುತ್ತ ನಗುತ್ತ ಅವನಿಗೂ ಅದೇ ಚಟ ಅಂಟಿತು. ದಾರಿಯಲ್ಲಿ ಒಂದು ಒಳ್ಳೆಯ ಕಲ್ಲು ಕಂಡರೆ ಹೆಗಲಿಗೆ ಏರಿಸಿ ತರುವನು.

ನಡುವೆ ಕೆಲವು ವರ್ಷ ಅವಳನ್ನು ಯಾರೂ ಕರೆಯಲಿಲ್ಲ. ಜೆಸಿಬಿ ಬಂದಿತ್ತು. ಒಂದೇ ದಿನಕ್ಕೆ ಮನೆ ಪುಡಿ, ರಾತ್ರಿಯೊಳಗೆ ಊರ ಹೊರಗಿನ ಜಾಗದಲ್ಲಿ ರಾಶಿ. ಅಲ್ಲಿ ಸುರುವಲು ಆಗ ಯಾರೂ ಏನೂ ಕೇಳುತ್ತಿರಲಿಲ್ಲ. ಆಮೇಲೆ ಆ ಜಾಗಕ್ಕೆ ಬೇಲಿ ಬಂತು, ತೂಕದ ಕಾಟಾ ಬಂತು, ಟನ್ನಿಗೆ ಇಷ್ಟು ಎಂದು ದರ ಬಂತು. ಎರಡು ವರ್ಷದಲ್ಲಿ ಮೂರು ಸಲ ಏರಿತು. ಆಗ ಇಂಜಿನಿಯರುಗಳಿಗೆ ನೀಲಗಂಗಮ್ಮನ ನೆನಪಾಯಿತು.

ಅವರಲ್ಲಿ ಒಬ್ಬ ವೇದವ್ಯಾಸ. ಮೂವತ್ತೆರಡು ವಯಸ್ಸು, ಒಳ್ಳೆಯ ಮಾತು, ಅವಸರದ ಸ್ವಭಾವ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಜಾನಕೀಬಾಯಿ ಎಂಬವರ ಹಳೆಯ ಮನೆ ತೆಗೆದು ಮೂರು ಅಂತಸ್ತಿನದು ಕಟ್ಟುವ ಕೆಲಸ ಹಿಡಿದಿದ್ದ.

“ನೀಲಮ್ಮ, ಕೆಡವೋದಕ್ಕಿಂತ ಚೆಲ್ಲೋದ ತುಟ್ಟಿ ಆಗ್ಯಾದ ನೋಡ್ರಿ. ನೀವ ಬಿಚ್ಚಿ ಕೊಡ್ರಿ.”

“ಹದಿನೆಂಟ ದಿನ ಬೇಕ್ರಿ.”

“ಹತ್ತರಾಗ ಆಗಂಗಿಲ್ಲೇನ್ರಿ?”

“ಹತ್ತರಾಗ ಕೆಡವಬಹುದು. ಕೆಡವೋರನ್ನ ಕರೀರಿ.”

ಹದಿನೆಂಟಕ್ಕೇ ಒಪ್ಪಿದ. ಜಾನಕೀಬಾಯಿ ಎದುರುಮನೆಯ ಕಟ್ಟೆಯ ಮೇಲೆ ದಿನಾ ಕೂತು ನೋಡುತ್ತಿದ್ದರು. ಒಂದೊಂದು ಪೆಟ್ಟಿಗೂ ತಮಗೇ ಬಿದ್ದಂತೆ ಮೈ ಮುದುರಿಕೊಳ್ಳುವರು. “ಸಾವಕಾಶ ಹೊಡಿಯವಾ, ಅದು ನನ್ನ ಅಡಗಿಮನಿ!” ಎಂದು ಕೂಗುವರು. ನೀಲಗಂಗಮ್ಮ ತಿರುಗಿ ನೋಡದೆ, “ಬಾಯಾರ, ಅದಕ್ಕ ಜೀವ ಇದ್ದಿದ್ರ ಅದ ಕೂಗತಿತ್ತು, ನೀವ್ಯಾಕ ಕೂಗ್ತೀರಿ?” ಅನ್ನುವಳು.

ಹದಿನಾರನೆಯ ದಿನಕ್ಕೆ ಎಲ್ಲ ಮುಗಿದು, ಉಳಿದದ್ದು ಎಣ್ಣೆಬಣ್ಣ ಹತ್ತಿದ ಗೋಡೆಯ ಗಿಲಾವು, ಒಡೆದ ಹಂಚು, ಕೆಲಸಕ್ಕೆ ಬಾರದ ಮಣ್ಣು, ಮೂಲೆಯಲ್ಲಿ ಬೇರೆ ಇಟ್ಟ ಕೆಲವು ಕಾಂಕ್ರೀಟ್ ತುಂಡು. ಅದೇ ವಾರ ಚೆಲ್ಲುವ ದರ ನಾಲ್ಕನೆಯ ಸಲ ಏರಿತು. ವೇದವ್ಯಾಸ ಕೈ ಚೆಲ್ಲಿ ನಿಂತ. ಹುಮನಾಬಾದ ರಸ್ತೆಯ ಬದಿಗೆ ಎಲ್ಲಾದರೂ ಸುರುವಿ ಬರುತ್ತೇನೆ ಎಂದ. ಎಲ್ಲರೂ ಹಾಗೇ ಮಾಡುತ್ತಿದ್ದರು. ಆ ರಾಶಿಗಳು ಹಳ್ಳದ ಬಾಯಿ ಕಟ್ಟಿ ಮಳೆಗಾಲದಲ್ಲಿ ನೀರು ಹೊಲಕ್ಕೆ ನುಗ್ಗುವುದನ್ನು ನೀಲಗಂಗಮ್ಮ ಬಸ್ಸಿನ ಕಿಟಕಿಯಿಂದ ನೋಡಿದ್ದಳು.

“ಬ್ಯಾಡ್ರಿ. ನಮ್ಮ ಹೊಲದಾಗ ಒಂದು ಹಾಳುಬಾವಿ ಅದ,” ಎಂದಳು. “ನಮ್ಮ ಮಾವನ ಕಾಲದ್ದು. ನೀರಿಲ್ಲ, ನಿಡಿ ಇಲ್ಲ. ಎರಡ ಮೇಕಿ ಬಿದ್ದು ಸತ್ತಾವ. ಅದರಾಗ ಹಾಕ್ರಿ. ಮಣ್ಣ, ಗಿಲಾವ ಅಷ್ಟ. ಕಾಂಕ್ರೀಟ್ ಒಂದ ತುಂಡ ಸುದ್ದಾ ಬ್ಯಾಡ. ಬುಧವಾರ ಮಧ್ಯಾಹ್ನದ ಮ್ಯಾಲ ಬರ್ರಿ, ನಾ ನಿಂತು ಹಾಕಸ್ತೀನಿ.”

ಮನೆಗೆ ಬಂದು ನಾಗಣ್ಣನಿಗೂ ಹೇಳಿದಳು: ಬುಧವಾರ ಮಧ್ಯಾಹ್ನ ಬಾವಿ ಮುಚ್ಚುತ್ತದೆ. ನಾಗಣ್ಣ ರೊಟ್ಟಿ ಮುರಿಯುತ್ತ, “ಹೂಂ,” ಅಂದ.

ಬಾವಿಯ ಒಳಗೋಡೆಯಲ್ಲಿ ಅವನಪ್ಪ ಕೂರಿಸಿದ್ದ ಕೆತ್ತಿದ ಕಲ್ಲುಗಳಿದ್ದವು. ಮೂರಾಳು ಆಳದ ಬಾವಿ, ತಳದವರೆಗೆ ಮೆಟ್ಟಿಲು, ಪಡುವಣ ಗೋಡೆಯ ಬುಡದಲ್ಲಿ ಮೊದಲು ನೀರೆತ್ತುವ ಮೋಟಾರು ಇಡುತ್ತಿದ್ದ, ಒಬ್ಬ ಮುದುರಿ ಕೂರುವಷ್ಟು ಒಂದು ಗೂಡು. ಅಂಥ ಕಲ್ಲುಗಳ ಮೇಲೆ ಗಿಲಾವು ಸುರಿದು ಮಣ್ಣು ಮಾಡುವುದೇ? ಬುಧವಾರ ಬೆಳಿಗ್ಗೆ ಹೆಂಡತಿ ಬಸ್ಸಿಗೆ ಹೋದ ಕೂಡಲೇ ನಾಗಣ್ಣ ಅವಳ ಸಣ್ಣ ಹಾರೆಯನ್ನೇ ತೆಗೆದುಕೊಂಡು ಬಾವಿಗೆ ಇಳಿದ. ಮಧ್ಯಾಹ್ನದವರೆಗೆ ಬೇಕಾದಷ್ಟು ಹೊತ್ತು ಇದೆ ಎಂದು ಅವನ ಲೆಕ್ಕ.

ಇತ್ತ ಕಲಬುರಗಿಯಲ್ಲಿ ಬೇರೆಯೇ ಆಗಿತ್ತು. ಬುಧವಾರ ಒಂಬತ್ತು ಗಂಟೆಯಿಂದ ಮಲಬಾ, ಅಂದರೆ ಒಡೆದ ಮನೆಯ ಕಸ, ತುಂಬಿದ ಟ್ರ್ಯಾಕ್ಟರುಗಳನ್ನು ದಾರಿಯಲ್ಲಿ ತಡೆದು ದಂಡ ಹಾಕುತ್ತಾರೆ ಎಂಬ ಸುದ್ದಿ ವೇದವ್ಯಾಸನಿಗೆ ಹಿಂದಿನ ಸಂಜೆ ಬಂತು. ಅವನು ಡ್ರೈವರ್ ದೇವೀಂದ್ರಪ್ಪನನ್ನು ಕರೆದು ನಸುಕಿನಲ್ಲೇ ಹೊರಡು ಎಂದ. ಹೇಗೂ ಗಾಡಿ ಹೊರಡುತ್ತದೆ, ಈಚೆಗೆ ಕಟ್ಟಿದ್ದ ಬಚ್ಚಲಮನೆಯ ಕಾಂಕ್ರೀಟ್ ಮಾಳಿಗೆಯ ತುಂಡುಗಳು ಮೂಲೆಯಲ್ಲಿ ಬಿದ್ದಿವೆ, ಅವೂ ಹೋಗಲಿ ಎಂದು ಅವನ್ನು ಗಿಲಾವಿನ ಮೇಲೆ ಏರಿಸಿದ. ಒಂದೊಂದೂ ಬಾಗಿಲಿನಷ್ಟು ಅಗಲ, ಅಂಚಿಗೆಲ್ಲ ಕಬ್ಬಿಣದ ಸರಳು. ಆ ಟ್ರ್ಯಾಕ್ಟರು ನೀಲಗಂಗಮ್ಮನ ಬಸ್ಸಿಗೆ ಎದುರಾಗಿಯೇ ದಾಟಿತು. ಬಸ್ಸು ತುಂಬಿತ್ತು, ಅವಳು ಕಂಬಿ ಹಿಡಿದು ನಿಂತಿದ್ದಳು, ಹೊರಗೆ ನೋಡಲಿಲ್ಲ.

ಓಣಿಗೆ ಬಂದು ನೋಡಿದರೆ ಟ್ರಾಲಿ ಇಲ್ಲ. ಮೂಲೆಯ ತುಂಡುಗಳೂ ಇಲ್ಲ. ನೆಲದಲ್ಲಿ ಎಳೆದ ಗೆರೆ ಬಿದ್ದಿತ್ತು.

“ಎಲ್ಲಿ ಹೋದ್ವು ಇವು?”

“ದಂಡ ಹಾಕ್ತಾರಂತ ಬೆಳಿಗ್ಗೇನ ಕಳಿಸೀನ್ರಿ,” ಎಂದ ವೇದವ್ಯಾಸ. “ಬಾವಿ ಎಲ್ಲದ ಅಂತ ದೇವೀಂದ್ರಪ್ಪಗ ಗೊತ್ತದ ಬಿಡ್ರಿ.”

“ಕಾಂಕ್ರೀಟ್ ಬ್ಯಾಡ ಅಂದಿದ್ದಿಲ್ಲಾ ನಾ? ಕಿವ್ಯಾಗ ಏನ ಇಟ್ಕೊಂಡಿದ್ರಿ?”

ಅವನು ಬಾಯಿ ತೆರೆಯುವುದರೊಳಗೆ ಅವಳ ಫೋನು ಬಡಿದುಕೊಂಡಿತು. ನಾಗಣ್ಣನ ತಮ್ಮ ಶಿವಲಿಂಗ.

“ವೈನಿ, ಅಣ್ಣ ಬಾವ್ಯಾಗ ಇದ್ದ. ಮ್ಯಾಲ ಟ್ರಾಲಿ ಸುರುವ್ಯಾರ. ವೈನಿ...”

ವೇದವ್ಯಾಸ ಕಾರು ತೆಗೆದ. ಒಂದು ತಾಸಿನ ದಾರಿಯನ್ನು ಅರ್ಧ ತಾಸಿಗಿಂತ ಸ್ವಲ್ಪ ಹೆಚ್ಚಿನಲ್ಲಿ ಮುಗಿಸಿದ. ಅವಳ ತೊಡೆಯ ಮೇಲೆ ಸುತ್ತಿಗೆ ಇತ್ತು. ಅವನು ಎರಡು ಸಲ ಅದರ ಕಡೆ ನೋಡಿದ.

ತೋಟದಲ್ಲಿ ನೂರಾರು ಜನ ಸೇರಿದ್ದರು. ಅಗ್ನಿಶಾಮಕದವರಿಗೆ ಫೋನು ಹೋಗಿತ್ತು, ಗಾಡಿ ಇನ್ನೂ ದಾರಿಯಲ್ಲಿತ್ತು. ಹುಣಸೆಮರದ ಬೊಡ್ಡೆಗೆ ದೇವೀಂದ್ರಪ್ಪನನ್ನು ಪಂಪಿನ ಹಗ್ಗದಿಂದ ಬಿಗಿದಿದ್ದರು. ಒಂದು ಕಣ್ಣು ಮುಚ್ಚಿ ಊದಿತ್ತು, ಒಂದು ಮೊಣಕಾಲು ಬಾತಿತ್ತು. ಕೆಳತುಟಿ ಸೀಳಿ ಗದ್ದದವರೆಗೆ ಜೋತಿತ್ತು, ಅಂಗಿಯ ಎದೆಭಾಗ ರಕ್ತದಿಂದ ಅಂಟಿಕೊಂಡಿತ್ತು. ಶಿವಲಿಂಗ ಬಾಳೆಗೊನೆಗೆ ಆಸರೆ ಕೊಡುವ ಬಿದಿರಿನ ಗಳ ಹಿಡಿದು ಹೊಡೆಯುತ್ತಿದ್ದ. ದಣಿದಾಗ ಮತ್ತೊಬ್ಬ ತೆಗೆದುಕೊಳ್ಳುತ್ತಿದ್ದ. ರಸ್ತೆ ಕೆಲಸದಿಂದ ಕರೆಸಿದ ಜೆಸಿಬಿ ಬಾಳೆಗಿಡಗಳನ್ನು ಮುರಿದುಕೊಂಡು ಬಾವಿಯ ಕಡೆ ಬರುತ್ತಿತ್ತು. ಕೆಂಪು ಗೊನೆಗಳು ಅದರ ಗಾಲಿಯಡಿ ಒಡೆದು ಪಿಚ್ಚೆಂದು ಚಿಮ್ಮುತ್ತಿದ್ದವು.

ನೀಲಗಂಗಮ್ಮ ಮೊದಲು ನೋಡಿದ್ದು ಇದು ಯಾವುದನ್ನೂ ಅಲ್ಲ. ಬಾವಿಯ ದಂಡೆಯಲ್ಲಿ ನಾಗಣ್ಣನ ರುಮಾಲು, ಚಪ್ಪಲಿ, ಪಕ್ಕದಲ್ಲಿ ಕೆತ್ತಿದ ಕಲ್ಲುಗಳು ಇದ್ದವು. ಮುಖ ಹೊರಗೆ, ಬೆನ್ನು ಒಳಗೆ, ಒಂದರ ಮೇಲೊಂದು. ಅವಳೇ ಜೋಡಿಸಿದ ಹಾಗೆ. ಏಳು ಕಲ್ಲು. ಅವನು ಯಾಕೆ ಇಳಿದ ಎಂದು ಅವಳು ಯಾರನ್ನೂ ಕೇಳಬೇಕಾಗಲಿಲ್ಲ.

ಬಾವಿಯಲ್ಲಿ ಅರ್ಧದವರೆಗೆ ಮಲಬಾ. ಪಡುವಣ ಬದಿಯಲ್ಲಿ ಧೂಳಿನಿಂದ ಎರಡು ಸರಳು ಮೇಲಕ್ಕೆ ಚಾಚಿದ್ದವು. ಇಬ್ಬರು ಇಳಿಯಲು ನೋಡಿದ್ದರಂತೆ, ಕಾಲಡಿ ಎಲ್ಲ ಜಾರಿ ಕೆಳಗೆ ಹೋಯಿತಂತೆ, ಹೆದರಿ ಹತ್ತಿದರಂತೆ. ಅವಳು ದಂಡೆಯ ಮೇಲೆ ಬೋರಲು ಮಲಗಿ, ಕೈ ಇಳಿಬಿಟ್ಟು, ಬಾವಿಯ ಗೋಡೆಗೆ ಸುತ್ತಿಗೆಯಿಂದ ಮೂರು ಸಲ ಬಡಿದಳು. ಕಿವಿಯನ್ನು ಕಲ್ಲಿಗೆ ಹಚ್ಚಿದಳು. ಜೆಸಿಬಿಯ ಸದ್ದು, ಜನರ ಬೈಗುಳ, ಗಳದ ಪೆಟ್ಟು.

“ಸುಮ್ಮನಿರ್ರಿ!”

ಯಾರೂ ಸುಮ್ಮನಿರಲಿಲ್ಲ. ಅವಳು ಎದ್ದು ಒಂದು ಹಿಡಿಗಲ್ಲು ತೆಗೆದುಕೊಂಡು ಜೆಸಿಬಿಯ ಗಾಜಿಗೆ ಬೀಸಿದಳು. ಗಾಜು ಪೂರ್ತಿ ಉದುರಿತು. ಒಳಗಿದ್ದ ಡ್ರೈವರ್ ಇಮಾಮುದ್ದೀನ್ ತೋಳು ಅಡ್ಡ ಹಿಡಿದ, ಮೊಣಕೈಯಿಂದ ರಕ್ತ ಇಳಿಯಿತು. ಇಂಜಿನು ನಿಲ್ಲಿಸಿದ.

“ಅಮ್ಮಾ, ತಲಿ ಗಿಲಿ ಕೆಟ್ಟದೇನು ನಿಂದು? ನಿನ್ನ ಗಂಡನ್ನ ತಗ್ಯಾಕ ಬಂದೀನಿ ನಾ!”

“ಒಂದ ಗಳಿಗಿ. ಒಂದ ಗಳಿಗಿ ಸುಮ್ಮನಿರು, ನಿನ್ನ ಕಾಲಿಗಿ ಬೀಳ್ತೀನಿ.”

ಗಾಜಿನ ಸದ್ದಿಗೆ ಜನರ ಬಾಯಿಯೂ ನಿಂತಿತ್ತು. ಅವಳು ಮತ್ತೆ ಮಲಗಿ ಮೂರು ಸಲ ಬಡಿದಳು. ಬಹಳ ಹೊತ್ತು ಏನಿಲ್ಲ. ಆಮೇಲೆ ಒಳಗಿನಿಂದ, ಕಲ್ಲಿನ ಮೇಲೆ ಕಲ್ಲು: ಟಕ್. ಟಕ್. ಎರಡೇ. ಪಡುವಣ ಬದಿಯಿಂದ, ಮೋಟಾರಿನ ಗೂಡಿನಿಂದ.

“ಜೀವ ಅದ!” ಎಂದು ಶಿವಲಿಂಗ ಚೀರಿದ. “ಇಮಾಮಣ್ಣಾ, ಆ ಸರಳಿಗಿ ಚೈನ್ ಹಾಕು! ಎಳದ ಬಿಡು!”

“ಯಾರೂ ಏನೂ ಎಳೀಬ್ಯಾಡ್ರಿ.”

“ವೈನಿ, ನೀ ಕೈಲೆ ತಗೀತ ಕೂತ್ರ ಸಂಜಿ ಆಗ್ತದ! ಅಲ್ಲೀತನ ಉಳೀತಾನಾ ಅಂವಾ?”

“ಎಳದ್ರ ಈಗಿಂದೀಗ ಸಾಯ್ತಾರ. ಏನ ಮೊದಲ ಬಿದ್ದದ, ಏನ ಕೊನೀಗಿ ಬಿದ್ದದ ಗೊತ್ತಾಗಬೇಕು. ಅದು ಗೊತ್ತಿದ್ದಾಂವ ಒಬ್ಬನ ಇದ್ದಾನ.” ಅವಳು ಹುಣಸೆಮರದ ಕಡೆ ನಡೆದಳು.

ಶಿವಲಿಂಗನಿಗೆ ಬೇರೆಯೇ ಅರ್ಥವಾಯಿತು. ಅತ್ತಿಗೆ ಲೆಕ್ಕ ಚುಕ್ತಾ ಮಾಡಲು ಹೊರಟಿದ್ದಾಳೆ ಅಂದುಕೊಂಡು ಅವಳಿಗಿಂತ ಮೊದಲು ಓಡಿದ. “ಇವನ್ನ ನಾನ ಮುಗಸ್ತೀನಿ ತಡಿ!” ಗಳವನ್ನು ಎರಡೂ ಕೈಯಿಂದ ನೆತ್ತಿಯ ಮೇಲೆ ಎತ್ತಿದ. ಈ ಸಲ ತಲೆಗೇ ಬೀಳುವುದಿತ್ತು. ನೀಲಗಂಗಮ್ಮ ಸುತ್ತಿಗೆಯ ಹಿಡಿಯಿಂದ ಅವನ ಮಣಿಕಟ್ಟಿಗೆ ಬಾರಿಸಿದಳು. ಒಣಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಗಳ ಬಿತ್ತು. ಶಿವಲಿಂಗ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಮಂಡಿಯೂರಿ ಕೂತುಬಿಟ್ಟ.

“ನಿಮ್ಮಣ್ಣನ ಜೀವ ಇವನ ಬಾಯಾಗ ಅದ. ಆ ಬಾಯಿನ ಒಡಿತೀದಿ ನೀ.”

ದೇವೀಂದ್ರಪ್ಪ ಅವಳ ಕೈಯ ಸುತ್ತಿಗೆ ನೋಡಿ ಕಣ್ಣು ಮುಚ್ಚಿದ. “ನೀಲಕ್ಕ, ನಾ ಹಾರ್ನ್ ಹೊಡದೀನಿ. ಮೂರ ಸಲ ಹೊಡದೀನಿ. ಆಣಿ ಮಾಡಿ...”

“ಇಳದ ನೋಡಿದಿ?”

“ಇಲ್ಲಕ್ಕ.”

“ಅದನ್ನ ಆಮ್ಯಾಲ ನೋಡ್ಕೊಳ್ಳೋಣು. ಕಣ್ಣ ತಗಿ. ಕಾಂಕ್ರೀಟ್ ತುಂಡ ಎಷ್ಟು?”

“ಮೂರು.”

“ಹೆಂಗ ಬಿದ್ವು? ಒಂದೊಂದ ಹೇಳು. ಬಿಡಬ್ಯಾಡ ಏನೂ.”

ಅವನು ಒಂದು ಹಲ್ಲು ಉಗುಳಿದ. ಉಸಿರು ತೆಗೆಯಲು ಒದ್ದಾಡಿದ. ಟ್ರಾಲಿ ಎತ್ತಿದ ಕೂಡಲೇ ಎರಡು ತುಂಡು ಒಟ್ಟಿಗೆ ಜಾರಿ ನಡುವಿಗೆ ಹೋದವು. ಅವುಗಳ ಹಿಂದೆ ಅರ್ಧ ಗಿಲಾವು. ಮೂರನೆಯದು ಟ್ರಾಲಿಯ ಬಾಗಿಲಿಗೆ ಸಿಕ್ಕಿಕೊಂಡಿತು. ಅವನು ಗಾಡಿಯನ್ನು ಹಿಂದೆ ಮುಂದೆ ಜಗ್ಗಿದ. ಅದು ದಂಡೆಗೆ ಬಡಿದು, ತಿರುಗಿ, ಪಡುವಣಕ್ಕೆ ಹೋಯಿತು.

“ಮಲಗಿ ಬಿತ್ತೋ, ನಿಂತು ಬಿತ್ತೋ?”

“ನಿಂತು, ಅಕ್ಕ. ಗ್ವಾಡೀಗಿ ಬಾಗಿಲ ಚಾಚಿದಂಗ. ಅದರ ಮ್ಯಾಲ ಉಳದ ಮಣ್ಣು.”

ನೀಲಗಂಗಮ್ಮ ಬಾವಿಯ ಕಡೆ ತಿರುಗಿ ನೋಡಿದಳು. ಮೇಲೆ ಕಾಣುವ ಎರಡು ಸರಳು ಆ ಮೂರನೆಯ ತುಂಡಿನವು. ಅದು ಗೂಡಿನ ಬಾಯಿಗೆ ಓರೆಯಾಗಿ ನಿಂತು ಮಲಬಾವನ್ನು ತಡೆದಿದೆ. ಅದಕ್ಕೇ ನಾಗಣ್ಣ ಬದುಕಿದ್ದಾನೆ. ಅದೇ ಸರಳಿಗೆ ಚೈನು ಹಾಕಿ ಎಳೆದಿದ್ದರೆ ಬುಡ ಜಾರಿ ಅವನ ಎದೆಯ ಮೇಲೆ ಮಲಗುತ್ತಿತ್ತು.

“ಬಿಚ್ರಿ ಇವನ್ನ,” ಎಂದಳು. “ನನ್ನ ಜೊತಿ ಇಳೀತಾನ.”

ಗುಂಪಿನಲ್ಲಿ ಒಬ್ಬ, “ಓಡಿ ಹೋಗ್ತಾನವಾ,” ಎಂದ.

“ಆ ಕಾಲೀಲೆ? ಓಡಿ ತೋರಸಲಿ, ಜಾತ್ರಿ ಮಾಡ್ತೀನಿ.”

ಇಮಾಮುದ್ದೀನನನ್ನು ಕರೆದು ಹೇಳಿದಳು. ಚೈನು ಹಾಕು, ಆದರೆ ಎಳೆಯಬೇಡ. ಬರೀ ಹಿಡಿದುಕೊಂಡು ನಿಲ್ಲು. ನಾನು ಹೇಳುವವರೆಗೆ ಒಂದು ಕೂದಲೆಳೆಯಷ್ಟೂ ಅಲುಗಬಾರದು.

“ಮಷಿನ್ ಅದ ಅಮ್ಮಾ, ಎಮ್ಮಿ ಅಲ್ಲ. ನಿಲ್ಲು ಅಂದ್ರ ನಿಲ್ತದ,” ಎಂದ ಇಮಾಮುದ್ದೀನ್. ಗಾಜು ಚುಚ್ಚಿದ ಮೊಣಕೈಗೆ ರುಮಾಲು ಸುತ್ತಿಕೊಂಡು ಕುರ್ಚಿ ಹತ್ತಿದ. ಅದರ ಉದ್ದನೆಯ ತೋಳು ಬಾವಿಯ ಮೇಲೆ ಚಾಚಿ, ಚೈನು ಬಿಗಿದು, ಅಲ್ಲೇ ನಿಂತಿತು.

ಮೇಲಿನ ಧೂಳು ಮೊದಲು. ಅವಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೋಡೆಯ ಮೆಟ್ಟಿಲಿನ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು ಇಟ್ಟು ಬುಟ್ಟಿ ತುಂಬಿದಳು. ದೇವೀಂದ್ರಪ್ಪ ಕೆಳಗಿನ ಮೆಟ್ಟಿಲಿನಲ್ಲಿ ನಿಂತು, ತುಟಿಯ ರಕ್ತ ತೊಟ್ಟಿಕ್ಕಿಸುತ್ತ, ಬುಟ್ಟಿಗಳನ್ನು ಹಗ್ಗಕ್ಕೆ ಸಿಕ್ಕಿಸಿದ. ಮೇಲೆ ಎಳೆಯುವವರಲ್ಲಿ ಶಿವಲಿಂಗನೂ ಒಬ್ಬ. ಮುರಿದ ಕೈಯನ್ನು ಅಂಗಿಯೊಳಗೆ ತೂರಿಸಿ, ಇನ್ನೊಂದರಿಂದ ಹಗ್ಗ ಹಿಡಿದಿದ್ದ. ವೇದವ್ಯಾಸ ಬುಟ್ಟಿ ಹೊತ್ತು ಹೋಗಿ ಸುರುವಿ ಬರುತ್ತಿದ್ದ. ಅವನ ಬಿಳಿ ಅಂಗಿ ಕೆಂಪು ಮಣ್ಣಾಗಿತ್ತು. ಯಾರೋ ಒಬ್ಬ ಹಿಂದಿನಿಂದ ಅವನ ಕುತ್ತಿಗೆಗೆ ಒಂದು ಹಾಕಿದ. ಅವನು ತಿರುಗಿ ನೋಡದೆ ಮುಂದಿನ ಬುಟ್ಟಿ ಎತ್ತಿದ.

ಪ್ರತಿ ತುಂಡಿಗೂ ಅವಳು ಸುತ್ತಿಗೆಯ ಮೂತಿ ತಗುಲಿಸುತ್ತಿದ್ದಳು. ಡಬ್ ಅಂದದ್ದು ಬುಟ್ಟಿಗೆ. ಟಣ್ ಅಂದದ್ದನ್ನು ಬಿಟ್ಟು ಅದರ ಸುತ್ತ. ಅರವತ್ತನೆಯ ಬುಟ್ಟಿಯ ಹೊತ್ತಿಗೆ ದೇವೀಂದ್ರಪ್ಪ ಅವಸರಕ್ಕೆ ಒಂದು ಹಂಚಿನ ಚೂರು ಕಿತ್ತ. ಅವನ ಕಾಲಡಿ ಒಂದು ಮೂಲೆ ಪೂರ್ತಿ ಸರಿಯಿತು, ಅವನು ಎದೆಯವರೆಗೆ ಹೂತುಹೋದ. ಚೈನು ಕಿರುಗುಟ್ಟಿತು. ಮೇಲೆ ಇಮಾಮುದ್ದೀನ್ ಅಲುಗಲಿಲ್ಲ. ತುಂಡು ನಿಂತಲ್ಲೇ ನಿಂತಿತು. ಅವಳು ದೇವೀಂದ್ರಪ್ಪನ ಕೂದಲು ಹಿಡಿದು ಎಳೆದಳು.

“ಮತ್ತ ಕೇಳದ ಕಿತ್ತಿ ಅಂದ್ರ ಆ ಶಿವಲಿಂಗನ ಕೈಗಿ ಕೊಡ್ತೀನಿ ನಿನ್ನ.”

“ಅಂವ್ಗ ಕೈ ಎಲ್ಲದ ಅಕ್ಕ, ನೀನ ಮುರದೀದಿ,” ಎಂದ ಅವನು, ಹೂತಲ್ಲಿಂದಲೇ.

ಅದಕ್ಕೆ ಮೇಲಿನಿಂದ ಒಂದಿಬ್ಬರು ನಕ್ಕರು. ಶಿವಲಿಂಗ ನಗಲಿಲ್ಲ. ಹಗ್ಗವನ್ನೂ ಬಿಡಲಿಲ್ಲ.

ನೂರ ಹನ್ನೊಂದನೆಯ ಬುಟ್ಟಿಯ ಮೇಲೆ, ನಿಂತ ತುಂಡಿನ ಹಿಂದಿನಿಂದ ದನಿ ಬಂತು. ಬಾಯಿ ತುಂಬ ಸುಣ್ಣ ಇದ್ದವನ ದನಿ.

“ಯಾರದು?... ನೀಲಾ ಏನು?”

“ನಿಮ್ಮ ಯಮ,” ಎಂದಳು. “ಮಾತಾಡಬ್ಯಾಡ್ರಿ. ಉಸಿರ ಉಳಸ್ಕೋರಿ.”

“ಕಾಲ ಗೊತ್ತಾಗವಲ್ದು.”

“ಯಾವ ಕಾಲು?”

“ಬಲಗಾಲ. ಇದ್ದಂಗ ಇಲ್ಲ.”

ಅವಳು ಮೂರನೆಯ ತುಂಡಿನ ಬುಡದವರೆಗೆ ಮೂರು ಬದಿಯನ್ನೂ ಬಿಡಿಸಿದಳು. ಸುತ್ತಿಗೆ ತಗುಲಿಸಿದಳು. ಟಣ್ ಅನ್ನುತ್ತಿದ್ದದ್ದು ಈಗ ಡಬ್ ಅಂದಿತು. ಭಾರ ಈಗ ಚೈನಿನ ಮೇಲೆ ಬಂದಿದೆ. ಮೇಲೆ ನೋಡಿ, “ಈಗ ಎತ್ತು. ನೆಟ್ಟಗ ಮ್ಯಾಲಕ್ಕ. ಮಲಗಿದ ಕೂಸಿನ ತೊಟ್ಲ ಎತ್ತಿದಂಗ,” ಎಂದಳು. ತುಂಡು ಇಂಚಿಂಚು ಏರಿ, ಅವಳ ಮುಖದ ಮುಂದಿನಿಂದ ದಾಟಿ, ಬೆಳಕಿಗೆ ಹೋಯಿತು. ಅದರ ಸರಳಿನ ತುದಿ ಅವಳ ಭುಜವನ್ನು ಒಂದು ಗೇಣು ಸೀಳಿತು. ಅವಳು ಬಾಯಿ ಬಿಡಲಿಲ್ಲ, ಬಿಟ್ಟಿದ್ದರೆ ಇಮಾಮುದ್ದೀನ್ ಬೆಚ್ಚಿ ಕೈ ಅಲುಗಿಸುತ್ತಿದ್ದ.

ನಾಗಣ್ಣ ಗೂಡಿನಲ್ಲಿ ಮುದುರಿ ಕೂತಿದ್ದ, ತಲೆಯಿಂದ ಎದೆಯವರೆಗೆ ಬೆಳ್ಳಗೆ. ಬಲಗಾಲು ಮೊಣಕಾಲಿನ ಕೆಳಗೆ ಎರಡನೆಯ ತುಂಡಿನ ಅಂಚಿನಡಿ ಚಪ್ಪಟೆಯಾಗಿತ್ತು. ಅದನ್ನೂ ಅದೇ ಕ್ರಮದಲ್ಲಿ ತೆಗೆದರು. ಅವನು ಕೂಗಿದ ಕೂಗು ಊರಿನ ಬಸ್ ನಿಲ್ದಾಣದವರೆಗೆ ಕೇಳಿತಂತೆ. ಆಗ ಎರಡು ಗಂಟೆ. ಅಗ್ನಿಶಾಮಕದವರೂ ನಡುವೆ ಬಂದು ಹಗ್ಗಕ್ಕೆ ಕೈ ಕೊಟ್ಟಿದ್ದರು. ಅವರ ಸ್ಟ್ರೆಚರಿನಲ್ಲೇ ಅವನನ್ನು ಮೇಲಕ್ಕೆ ಎತ್ತಿದರು.

ಕಲಬುರಗಿಯ ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಅದೇ ಆಸ್ಪತ್ರೆಯಲ್ಲಿ ಶಿವಲಿಂಗನ ಕೈಗೆ ಪಟ್ಟಿ ಬಿತ್ತು, ದೇವೀಂದ್ರಪ್ಪನ ತುಟಿಗೆ ಒಂಬತ್ತು ಹೊಲಿಗೆ ಬಿದ್ದವು. ಇಬ್ಬರ ಮಂಚವೂ ಅಕ್ಕಪಕ್ಕ. ಮೊದಲ ದಿನ ಇಬ್ಬರೂ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮರುದಿನ ಪೊಲೀಸರು ಬಂದರು. ತಪ್ಪು ಯಾರದು ಎಂದು ಕೇಳಿದರು. ವೇದವ್ಯಾಸ ಏನೋ ಹೇಳಲು ಹೋದ. ನೀಲಗಂಗಮ್ಮ ಅವನನ್ನು ತಡೆದಳು.

“ನಾ ಹೇಳ್ತೀನಿ, ಬರ್ಕೋರಿ. ಬಾವಿ ತೋರಿಸಿದಾಕಿ ನಾನು. ವ್ಯಾಳ್ಯಾ ತಪ್ಪಿಸಿದಾಂವ, ಬ್ಯಾಡ ಅಂದ ತುಂಡ ಏರಿಸಿದಾಂವ ಇವ. ಇಳದ ನೋಡದ ಸುರುವಿದಾಂವ ಆ ಮಂಚದಾಗ ಇದ್ದಾನ. ಅವನ್ನ ಕಟ್ಟಿ ಬಡದಾಂವ ಅದರ ಬಾಜೂ ಇದ್ದಾನ. ಬಡದವನ ಕೈ ಮುರದಾಕಿ ಮತ್ತ ನಾನ. ಹೇಳದ ಕೇಳದ ಬಾವ್ಯಾಗ ಇಳದವರು ನನ್ನ ಗಂಡ. ಇಷ್ಟೂ ಬರ್ಕೋರಿ. ಇದರಾಗ ಒಂದೂ ಚೆಲ್ಲಬ್ಯಾಡ್ರಿ.”

ಪೊಲೀಸಿನವನು ಪೆನ್ನು ಹಿಡಿದು ಅವಳನ್ನೇ ನೋಡಿದ. ಆಮೇಲೆ ಇಷ್ಟೂ ಬರೆದುಕೊಂಡ.

ಮೂರನೆಯ ದಿನ ನಾಗಣ್ಣ ಸರಿಯಾಗಿ ಕಣ್ಣು ಬಿಟ್ಟ. ಹೊದಿಕೆಯ ಕೆಳಗೆ ಬಲಗಡೆ ಕಾಲಿನ ಜಾಗ ತಗ್ಗಾಗಿರುವುದನ್ನು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಒಣಗಿದ ದನಿಯಲ್ಲಿ ಕೇಳಿದ:

“ದಂಡ್ಯಾಗ ಕಲ್ಲ ಇಟ್ಟಿದ್ದೆ. ಯಾರರ ಒಯ್ದಾರೇನು?”

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನ ಮೇಲೆ ಕೈ ಎತ್ತಿದವಳಲ್ಲ. ಈಗ ಎತ್ತಿದಳು. ಮೂರು ಬೆರಳಿನ ಕೈಯಿಂದ ಕೆನ್ನೆಗೆ ಬಿಟ್ಟ ಪೆಟ್ಟಿಗೆ ಆ ಸಾಲಿನ ರೋಗಿಗಳೆಲ್ಲ ತಲೆ ಎತ್ತಿದರು. ನರ್ಸು ಓಡಿ ಬಂದು, “ಏನ್ರೀ ಅಮ್ಮಾ, ಪೇಶಂಟ್‌ಗ ಹೊಡೀತೀರಾ!” ಎಂದು ಅವಳ ರಟ್ಟೆ ಹಿಡಿದಳು.

ನಾಗಣ್ಣ ಕೆನ್ನೆ ಮುಟ್ಟಿಕೊಂಡ. ಬಾವಿಯಲ್ಲಿ ಸುಣ್ಣ ಹೊಕ್ಕ ಕಣ್ಣುಗಳು ಇನ್ನೂ ಕೆಂಪಾಗಿಯೇ ಇದ್ದವು.

ನೀಲಗಂಗಮ್ಮ ನರ್ಸಿನ ಕೈ ಬಿಡಿಸಿಕೊಂಡು ಸ್ಟೂಲಿನ ಮೇಲೆ ಕೂತಳು. ಹೊದಿಕೆಯ ಅಂಚು ಎಳೆದು ಸರಿಮಾಡಿದಳು.

“ಏಳೂ ಅಲ್ಲೇ ಅವ,” ಎಂದಳು. “ಎಣಿಸೀನಿ.”